ಡಾಬಾ ಮುಚ್ಚಿದರೆ ಲಾರಿ ಎಲ್ಲಿ ನಿಲ್ಲಬೇಕು?

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿ ಪ್ರಾಧಿಕಾರಕ್ಕೂ ಕೇಂದ್ರದ ಸಾರಿಗೆ ಸಚಿವಾಲಯಕ್ಕೂ ಒಂದು ಲೆಕ್ಕ ಕೇಳಿತು. ಹೆದ್ದಾರಿ ಪಕ್ಕದಲ್ಲಿ, ಇಂಥ ಸೌಲಭ್ಯಕ್ಕೆ ಗೊತ್ತುಪಡಿಸದ ಜಾಗಗಳಲ್ಲಿ ಎಷ್ಟು ಡಾಬಾಗಳಿವೆ, ಸಮೀಕ್ಷೆ ಮಾಡಿ ವರದಿ ಕೊಡಿ ಎಂದಿತು. ಇದಕ್ಕೆ ಕಾರಣ ರಾಜಸ್ಥಾನದ ಫಲೋಡಿ ಬಳಿ ಅದೇ ತಿಂಗಳ 2ರಂದು ನಡೆದ ಅಪಘಾತ. ಯಾತ್ರೆ ಮುಗಿಸಿ ಬರುತ್ತಿದ್ದವರ ಟೆಂಪೋ ಟ್ರಾವೆಲರ್ ರಸ್ತೆ ಬದಿ ನಿಂತಿದ್ದ ಟ್ರೇಲರ್‌ಗೆ ಹಿಂದಿನಿಂದ ಗುದ್ದಿತ್ತು. ಹತ್ತಕ್ಕೂ ಜಾಸ್ತಿ ಜನ ಸತ್ತರು.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಡಾಬಾ ಇದ್ದರೆ ಅಪಾಯ ಎಂದು ಕೋರ್ಟಿನಲ್ಲಿ ಮಾತು ನಡೆಯುತ್ತಿದೆ. ಡ್ರೈವರ್‌ಗಳ ವಿಶ್ರಾಂತಿಗೆ ಮೊದಲ ಹಂತದಲ್ಲಿ 1,000 ಕಟ್ಟಡ ಕಟ್ಟುತ್ತೇವೆ ಎಂದು ಪ್ರಧಾನಿ 2024ರ ಫೆಬ್ರುವರಿಯಲ್ಲೇ ಹೇಳಿದ್ದಾರೆ. ಇತ್ತ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರಸ್ತೆಗಳಲ್ಲಿ ಹಳೇ ಡಾಬಾಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಉಳಿದವು ಮೊದಲಿನ ಹಾಗಿಲ್ಲ ಎಂದು ಡ್ರೈವರ್‌ಗಳೇ ಹೇಳುತ್ತಾರೆ. ಹಾಗಾದರೆ ಡಾಬಾ ಜಾಸ್ತಿ ಆಗಿವೆಯಾ, ಕಡಿಮೆ ಆಗಿವೆಯಾ? ಇರಬೇಕಾ, ಹೋಗಬೇಕಾ?

ಉತ್ತರ ಸಿಗಬೇಕಾದರೆ ಊಟದ ಮಾತು ಸ್ವಲ್ಪ ಬದಿಗಿಟ್ಟು ಜಾಗದ ಮಾತಿಗೆ ಬರಬೇಕು. ಲಾರಿಗೆ ರಾತ್ರಿ ಆರೇಳು ಗಂಟೆ ಭಯವಿಲ್ಲದೆ ನಿಲ್ಲುವ ಬಯಲು ಬೇಕು. ಆ ಬಯಲು ಎಲ್ಲಿ ಹೋಯಿತು, ಯಾಕೆ ಹೋಯಿತು ಅನ್ನುವುದೇ ಇಡೀ ಸಮಸ್ಯೆಯ ಬೇರು.

ಮೂರು ಜಿಲ್ಲೆ, ನಾಲ್ಕು ದಾರಿ

ಈ ಭಾಗದಲ್ಲಿ ಲಾರಿ ಓಡಾಟ ಯಾಕಿಷ್ಟು? ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಪುಣೆ, ಸೊಲ್ಲಾಪುರದಿಂದ ಹೈದರಾಬಾದ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ ಒಂಬತ್ತನೇ ನಂಬರ್ ಹೈವೇ. ನಾಂದೇಡ್ ಕಡೆಯಿಂದ ಬೀದರ್, ಕಲಬುರಗಿ, ಜೇವರ್ಗಿ, ವಿಜಯಪುರ ಮುಟ್ಟಿ ಚಿತ್ರದುರ್ಗದವರೆಗೆ ಇಳಿಯುವ ಹೆದ್ದಾರಿ 50 ಇದನ್ನು ಹುಮನಾಬಾದ್‌ನಲ್ಲಿ ದಾಟುತ್ತದೆ. ಜೇವರ್ಗಿಯಿಂದ ಶಹಾಪುರ, ಸುರಪುರ ಹಾಯ್ದು ಬಳ್ಳಾರಿ ಕಡೆ ಹೋಗುವುದು 150ಎ. ಕಲಬುರಗಿಯಿಂದ ಯಾದಗಿರಿ ಕಡೆಗೆ 150.

ಈ ದಾರಿಗಳಲ್ಲಿ ಬರೀ ಹೊರಗಿನ ಲಾರಿಗಳೇ ಓಡುವುದಿಲ್ಲ. ಮಳಖೇಡ, ಸೇಡಂ, ವಾಡಿ ಸುತ್ತ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಕಲಬುರಗಿಯ ಬೇಳೆ ಮಿಲ್ಲುಗಳಿಂದ ತೊಗರಿ ಬೇಳೆ ದೇಶದ ನಾಲ್ಕೂ ಕಡೆ ಹೋಗುತ್ತದೆ. ಶಹಾಬಾದ್ ಕಲ್ಲು, ಬೀದರ್ ಕಡೆಯ ಸಕ್ಕರೆ, ಶಹಾಪುರ–ಸುರಪುರ ಭಾಗದ ಹತ್ತಿ ಮತ್ತು ಭತ್ತ, ಎಲ್ಲಕ್ಕೂ ಲಾರಿಯೇ ಬೇಕು. ಸಿಮೆಂಟ್ ಲಾರಿಗಂತೂ ಲೋಡ್ ಆಗುವ ಪಾಳಿ ಬರುವ ತನಕ ಕಾಯುವುದೇ ಒಂದು ಕೆಲಸ. ಅಂದರೆ ನಮ್ಮಲ್ಲಿ ಲಾರಿ ನಿಲ್ಲಲು ಎರಡು ಕಾರಣ ಇವೆ. ದೂರದವನಿಗೆ ನಿದ್ದೆ ಬೇಕು, ಹತ್ತಿರದವನಿಗೆ ಪಾಳಿ ಕಾಯಬೇಕು. ಎರಡಕ್ಕೂ ಜಾಗ ಕೊಟ್ಟಿದ್ದು ಡಾಬಾ.

ಡಾಬಾ ನಿಜವಾಗಿ ಕೊಡುತ್ತಿದ್ದುದು ಏನು

ಡ್ರೈವರ್ ಒಂದು ಡಾಬಾವನ್ನು ಹೇಗೆ ಆರಿಸುತ್ತಾನೆ ಅನ್ನುವುದನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ನೋಡುವುದು ನೆಲ. ಲೋಡ್ ಗಾಡಿ ಇಳಿಸಿದರೆ ಚಕ್ರ ಹೂಳುತ್ತದಾ? ಮಳೆಗಾಲದಲ್ಲಿ ನಮ್ಮ ಕರಿ ಮಣ್ಣು ಅಂದರೆ ಸುಮ್ನೆ ಅಲ್ಲ, ಮುರುಮ್ ಹಾಕಿ ಗಟ್ಟಿ ಮಾಡಿರದಿದ್ದರೆ ಗಾಡಿ ಎತ್ತಲು ಕ್ರೇನ್ ಬೇಕಾಗುತ್ತದೆ. ಆಮೇಲೆ ನೋಡುವುದು ತಿರುಗಿಸಲು ಜಾಗ ಇದೆಯಾ, ರಾತ್ರಿ ದೀಪ ಇರುತ್ತದಾ, ಎಚ್ಚರ ಇರುವವರು ಯಾರಾದರೂ ಇದ್ದಾರಾ. ಟ್ಯಾಂಕಿಗೆ ಪೈಪ್ ಹಾಕಿ ಡೀಸೆಲ್ ಎಳೆಯುವವರು, ತಾಡಪತ್ರಿ ಹರಿದು ಚೀಲ ಇಳಿಸುವವರು, ಸ್ಟೆಪ್ನಿ ಬಿಚ್ಚುವವರು ಎಲ್ಲಾ ರಸ್ತೆಯಲ್ಲೂ ಇದ್ದಾರೆ. ಕಳುವಾದರೆ ಮಾಲಕ ಹಿಡಿಯುವುದು ಡ್ರೈವರ್‌ನನ್ನೇ.

ಇದೆಲ್ಲ ಸರಿ ಇದ್ದರೆ ಗಾಡಿ ಒಳಗೆ ಬರುತ್ತದೆ. ಡ್ರೈವರ್ ಇಳಿದು ಟೈರ್‌ಗಳಿಗೆ ಒಂದೊಂದಾಗಿ ರಾಡ್‌ನಿಂದ ಬಡಿದು ಸದ್ದು ಕೇಳುತ್ತಾನೆ. ಸದ್ದು ಮಂದ ಇದ್ದರೆ ಗಾಳಿ ಕಡಿಮೆ ಅಂತ ಲೆಕ್ಕ. ಕ್ಲೀನರ್ ನೀರಿನ ಹೌದಿನ ಹತ್ತಿರ ಸೋಪಿನ ಡಬ್ಬಿ ಇಟ್ಟು ಸ್ನಾನಕ್ಕೆ ಕೂರುತ್ತಾನೆ. ಒಗೆದ ಅಂಗಿ ಸೈಡ್ ಕನ್ನಡಿ ಮೇಲೆ ಒಣಗುತ್ತದೆ. ಒಳಗೆ ಇಬ್ಬರು ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ. ಪುಂಡಿ ಪಲ್ಯ, ಬೇಳೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಊಟ ಆದ ಮೇಲೆ ಹೊರಸಿನ ಮೇಲೆ ಬಿದ್ದುಕೊಂಡರೆ ಯಾರೂ ಎಬ್ಬಿಸುವುದಿಲ್ಲ. ಗೊತ್ತಿರುವ ಡ್ರೈವರ್ ಆದರೆ ಬಿಲ್ಲು ಉದ್ರಿ ವಹಿಯಲ್ಲಿ ಬರೆದಿಟ್ಟು ವಾಪಸ್ ಬರುವಾಗ ಕೊಟ್ಟರೂ ನಡೆಯುತ್ತದೆ.

ಇಷ್ಟರಲ್ಲಿ ದುಡ್ಡು ಕೊಟ್ಟಿದ್ದು ಊಟಕ್ಕೆ ಮಾತ್ರ. ನಿಲ್ಲುವ ಜಾಗ, ನೀರು, ಹೊರಸು, ಕಾವಲು ಎಲ್ಲವೂ ಆ ಊಟದ ಬೆಲೆಯಲ್ಲೇ ಸೇರಿತ್ತು. ಡಾಬಾದವನಿಗೆ ಇದು ಹೇಗೆ ಗಿಟ್ಟುತ್ತಿತ್ತು? ಬಹಳ ಕಡೆ ಆ ಜಮೀನು ಅವನ ಮನೆತನದ್ದೇ. ರಸ್ತೆಗೆ ಹತ್ತಿದ ಒಂದೆರಡು ಎಕರೆ, ಬಾಡಿಗೆ ಇಲ್ಲ. ಇಲ್ಲವೇ ಹೊಲದ ಮಾಲಕನಿಂದ ಕಡಿಮೆ ದರಕ್ಕೆ ಹಿಡಿದದ್ದು. ಜಾಗ ಅಗ್ಗ ಇದ್ದುದರಿಂದಲೇ ಒಂದು ಲಾರಿಯನ್ನು ರಾತ್ರಿಯಿಡೀ ಪುಕ್ಕಟೆ ನಿಲ್ಲಿಸಿಕೊಳ್ಳಲು ಆಗುತ್ತಿತ್ತು. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ರಸ್ತೆ ದೊಡ್ಡದಾದಾಗ ಆದದ್ದು

ಸೊಲ್ಲಾಪುರ–ಹೈದರಾಬಾದ್ ದಾರಿ ನಾಲ್ಕು ಪಥ ಆಯಿತು. ಒಳ್ಳೆಯದೇ ಆಯಿತು. ಎರಡು ಪಥದ ರಸ್ತೆಯಲ್ಲಿ ಎದುರುಬದುರು ಡಿಕ್ಕಿ ಹೊಡೆದು ಸತ್ತವರು ಕಡಿಮೆ ಏನಲ್ಲ. ಆದರೆ ಡಾಬಾದ ಲೆಕ್ಕ ಇಲ್ಲಿಂದಲೇ ತಪ್ಪಿತು.

ಮೊದಲನೆಯದು ಮಧ್ಯದ ಡಿವೈಡರ್. ಮೊದಲು ಎರಡೂ ಕಡೆಯ ಲಾರಿ ಬಂದು ನಿಲ್ಲುತ್ತಿದ್ದವು. ಡಿವೈಡರ್ ಬಂದ ಮೇಲೆ ಅರ್ಧ ಗಿರಾಕಿ ಆಚೆ ದಡದಲ್ಲೇ ಉಳಿದರು. ಆ ಕಡೆಯವನು ಬರಬೇಕಾದರೆ ಮುಂದೆ ಹೋಗಿ ಯು-ಟರ್ನ್ ಹೊಡೆದು ಬರಬೇಕು, ಊಟ ಮುಗಿಸಿ ಮತ್ತೆ ಹಾಗೆಯೇ ತಿರುಗಬೇಕು. ಲೋಡ್ ಗಾಡಿಗೆ ಅಷ್ಟು ಡೀಸೆಲ್ ಸುಡಲು ಯಾರಿಗೂ ಮನಸ್ಸಿಲ್ಲ. ಕೆಲವರು ಆಚೆ ಬದಿಯಲ್ಲೇ ಲಾರಿ ನಿಲ್ಲಿಸಿ ಡಿವೈಡರ್ ಹಾರಿ ಬರುತ್ತಾರೆ. ಇನ್ನು ಕೆಲವರು ರಾಂಗ್ ಸೈಡ್‌ನಲ್ಲಿ ಬರುತ್ತಾರೆ. ಪೊಲೀಸರು ಅಪಾಯ ಅನ್ನುವುದು ಇದನ್ನೇ. ಅದು ನಿಜವಾಗಿಯೂ ಅಪಾಯ.

ಎರಡನೆಯದು ಒಳಗೆ ಬರುವ ದಾರಿ. ರಾಷ್ಟ್ರೀಯ ಹೆದ್ದಾರಿಗೆ ಯಾರೂ ತಮ್ಮಿಷ್ಟದಂತೆ ದಾರಿ ಕೂಡಿಸುವಂತಿಲ್ಲ. 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅನುಮತಿ ಬೇಕೆಂದರೆ ವೇಗ ಇಳಿಸಿ ಒಳಗೆ ಬರಲು ಒಂದು ಪಥ, ವೇಗ ಏರಿಸಿ ಹೊರಗೆ ಹೋಗಲು ಇನ್ನೊಂದು ಪಥ, ಚರಂಡಿ, ಫಲಕ, ನಕ್ಷೆ, ಶುಲ್ಕ ಎಲ್ಲ ಬೇಕು. ಅದಕ್ಕೂ ಮೊದಲು ಜಮೀನು ಎನ್‌ಎ, ಅಂದರೆ ಕೃಷಿಯೇತರ, ಆಗಿರಬೇಕು. ಪೆಟ್ರೋಲ್ ಬಂಕ್‌ಗೆ ಇದನ್ನೆಲ್ಲ ಮಾಡಿಸಲು ತೈಲ ಕಂಪನಿ ಇರುತ್ತದೆ. ತಗಡಿನ ಶೆಡ್ಡಿನ ಡಾಬಾಕ್ಕೆ ಯಾರಿದ್ದಾರೆ? ಹೀಗಾಗಿ ಎಷ್ಟೋ ಹಳೇ ಡಾಬಾಗಳು ತಾವಿದ್ದ ಜಾಗದಲ್ಲೇ ಇದ್ದುಕೊಂಡು ಅನಧಿಕೃತ ಆಗಿಬಿಟ್ಟವು.

ಮೂರನೆಯದು ಭೂಮಿ. ಅಗಲೀಕರಣಕ್ಕೆ ಹೋಗುವುದು ರಸ್ತೆಗೆ ಹತ್ತಿದ ಪಟ್ಟಿ. ಡಾಬಾದಲ್ಲಿ ಆ ಪಟ್ಟಿಯೇ ಲಾರಿ ನಿಲ್ಲುವ ಬಯಲು, ಅಲ್ವಾ? ಅಡುಗೆಮನೆ ಹಿಂದೆ ಉಳಿಯುತ್ತದೆ, ಬಯಲು ರಸ್ತೆಯೊಳಗೆ ಹೋಗುತ್ತದೆ. ಅದರ ಜೊತೆ ನೆರಳು ಕೊಡುತ್ತಿದ್ದ ಬೇವು, ಹುಣಸೆ ಮರಗಳೂ ಹೋಗುತ್ತವೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಈ ಭಾಗದಲ್ಲಿ ಮರದ ನೆರಳೆಂದರೆ ಮಧ್ಯಾಹ್ನದ ನಿದ್ದೆ. ಪರಿಹಾರದ ದೊಡ್ಡ ಮೊತ್ತ ಭೂಮಿಯ ಮಾಲಕನಿಗೆ ಸಿಗುತ್ತದೆ. ಬಾಡಿಗೆಗೆ ಡಾಬಾ ನಡೆಸುತ್ತಿದ್ದವನಿಗೆ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಇರುವುದು ಸಣ್ಣ ವ್ಯಾಪಾರಿಗೆಂದು ಒಮ್ಮೆ ಕೊಡುವ ನೆರವು, ಅದರ ಕನಿಷ್ಠ ಮೊತ್ತ 25,000 ರೂಪಾಯಿ. ಅಷ್ಟರಲ್ಲಿ ಹೊಸ ಜಾಗದಲ್ಲಿ ಬೋರ್‌ವೆಲ್ ಕೂಡ ಕೊರೆಸಲು ಆಗುವುದಿಲ್ಲ.

ಉಳಿದ ಜಾಗದ ಕಥೆಯೂ ಅಷ್ಟೇ. ನಾಲ್ಕು ಪಥದ ರಸ್ತೆ ಬಂದ ತಕ್ಷಣ ಪಕ್ಕದ ಹೊಲದ ಬೆಲೆ ಏರುತ್ತದೆ. ಲೇಔಟ್, ಬಂಕ್, ಕಲ್ಯಾಣ ಮಂಟಪ, ಶೋರೂಮ್ ಬರುತ್ತವೆ. ಪುಕ್ಕಟೆ ಪಾರ್ಕಿಂಗ್‌ಗೆ ಒಂದು ಎಕರೆ ಸುಮ್ಮನೆ ಬಿಡುವುದು ಮಾಲಕನಿಗೆ ನಷ್ಟ ಅನಿಸುತ್ತದೆ. ಅಗ್ಗದ ಜಾಗದ ಮೇಲೆ ನಿಂತಿದ್ದ ವ್ಯವಹಾರ ಜಾಗ ದುಬಾರಿ ಆದೊಡನೆ ಬೀಳುತ್ತದೆ. ಡಾಬಾ ಮುಚ್ಚಲು ಅಡುಗೆಯ ರುಚಿ ಕೆಟ್ಟದ್ದೇ ಕಾರಣ ಅನ್ನುವವರು ಈ ಲೆಕ್ಕ ನೋಡಿಲ್ಲ.

ಬೇರೆ ಹೊಡೆತಗಳು

2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಿತು. 2017ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಲಾಯಿತು, ಪುರಸಭೆ ವ್ಯಾಪ್ತಿಗೆ ಆಮೇಲೆ ವಿನಾಯಿತಿ ಸಿಕ್ಕಿತು. ಕುಡಿದು ಲಾರಿ ಓಡಿಸುವುದು ನಿಲ್ಲಲೇಬೇಕು, ಆ ತೀರ್ಪಿನ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಬಾರ್ ಜೊತೆ ಸೇರಿಕೊಂಡು ನಡೆಯುತ್ತಿದ್ದ ಡಾಬಾಗಳು ಆಗ ಕುಸಿದವು, ಅವುಗಳ ಬಯಲೂ ಹೋಯಿತು.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ರಾಜ್ಯದ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. 2021ರ ಫೆಬ್ರುವರಿಯಿಂದ ಟೋಲ್‌ನಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಯಿತು. ಬೀದರ್ ಜಿಲ್ಲೆ ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಗಡಿ. ಕಾಗದ ಪತ್ರಕ್ಕಾಗಿ ಕಾಯುತ್ತಿದ್ದ ಲಾರಿಗಳನ್ನೇ ನೆಚ್ಚಿಕೊಂಡಿದ್ದ ಚಹಾ ಅಂಗಡಿ, ಖಾನಾವಳಿಗಳಿಗೆ ಗಿರಾಕಿ ತಪ್ಪಿದರು. ಸರಕಿಗೆ ಲಾಭ ಆಯಿತು, ಒಪ್ಪೋಣ. ಆದರೆ ಡ್ರೈವರ್‌ಗೆ ಆ ಕಾಯುವಿಕೆಯಲ್ಲೇ ಸಿಗುತ್ತಿದ್ದ ವಿಶ್ರಾಂತಿಯೂ ಅದರ ಜೊತೆ ಹೋಯಿತು. ಈಗ ಜಿಪಿಎಸ್‌ನಲ್ಲಿ ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಆಫೀಸಿನಲ್ಲಿ ಕುಳಿತವರಿಗೆ ಕಾಣುತ್ತದೆ. ಫೋನ್ ಬರುತ್ತದೆ.

ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳು ಡೀಸೆಲ್‌ಗೆ ತೈಲ ಕಂಪನಿಗಳ ಫ್ಲೀಟ್ ಕಾರ್ಡ್ ಕೊಡುತ್ತವೆ. ಕಾರ್ಡ್ ನಡೆಯುವ ಬಂಕ್‌ನಲ್ಲೇ ಗಾಡಿ ನಿಲ್ಲುತ್ತದೆ, ಡಾಬಾದ ಪಕ್ಕದ ಸಣ್ಣ ಅಂಗಡಿಗಳಿಗೆ ವ್ಯಾಪಾರ ತಪ್ಪುತ್ತದೆ. ಇನ್ನು ಗಾಡಿಯ ಗಾತ್ರ. 2018ರಲ್ಲಿ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿತು, ಮೂರು ಆಕ್ಸಲ್ ಗಾಡಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್ ಆಯಿತು. ಅದರ ಮೇಲಿನ ಹನ್ನೆರಡು, ಹದಿನಾಲ್ಕು ಚಕ್ರದ ಗಾಡಿಗಳೂ ರಸ್ತೆ ತುಂಬ ಓಡುತ್ತಿವೆ. ಹಳೇ ಆರು ಚಕ್ರದ ಲಾರಿಗೆ ಸಾಕಾಗುತ್ತಿದ್ದ ಬಯಲಿನಲ್ಲಿ ಅವು ತಿರುಗುವುದಿಲ್ಲ.

ಉಳಿದ ಡಾಬಾಗಳ ಗುಣಮಟ್ಟ ಇಳಿಯುವುದೂ ಇದರ ಮುಂದುವರಿಕೆಯೇ. ಗಿರಾಕಿ ಅರ್ಧ ಆದಾಗ ಮೊದಲು ನಿಲ್ಲುವುದು ದುಡ್ಡು ತರದ ಕೆಲಸಗಳು. ಶೌಚಾಲಯ ತೊಳೆಯುವವನು ಹೋಗುತ್ತಾನೆ. ರಾತ್ರಿ ಕಾವಲಿನವನು ಹೋಗುತ್ತಾನೆ. ನೀರಿನ ಟ್ಯಾಂಕರ್ ವಾರಕ್ಕೆ ಒಂದು ಸಲಕ್ಕೆ ಇಳಿಯುತ್ತದೆ. ಆಗ ಇನ್ನಷ್ಟು ಡ್ರೈವರ್‌ಗಳು ಬಿಡುತ್ತಾರೆ. ನಾಳೆ ತೆರವು ಮಾಡಿಸುತ್ತಾರೋ ಏನೋ ಅನ್ನುವ ಭಯ ಇರುವವನು ಹೊಸ ಶೌಚಾಲಯ ಕಟ್ಟಿಸಲು ಸಾಲ ಮಾಡುತ್ತಾನಾ?

ಹೊಸ ನಿಲ್ದಾಣಗಳು ಯಾರಿಗಾಗಿ

ಸರ್ಕಾರ ಕೈಕಟ್ಟಿ ಕೂತಿಲ್ಲ. ಹೆದ್ದಾರಿಗಳಲ್ಲಿ ಸುಮಾರು 40ರಿಂದ 60 ಕಿಲೋಮೀಟರ್‌ಗೆ ಒಂದರಂತೆ ದಾರಿಬದಿ ಸೌಲಭ್ಯ ಕೇಂದ್ರ ಕಟ್ಟುವ ಯೋಜನೆ ಇದೆ. ಊಟ, ಶೌಚಾಲಯ, ಇಂಧನ, ಡ್ರೈವರ್‌ಗಳಿಗೆ ಮಲಗುವ ಕೋಣೆ ಎಲ್ಲ ಅದರ ಪಟ್ಟಿಯಲ್ಲಿವೆ. ತೈಲ ಕಂಪನಿಗಳು ಬಂಕ್‌ಗಳಲ್ಲಿ ‘ಅಪ್ನಾ ಘರ್’ ಹೆಸರಿನಲ್ಲಿ ಡ್ರೈವರ್‌ಗಳಿಗೆ ಮಂಚ, ಸ್ನಾನದ ಮನೆ ಮಾಡಿವೆ. 2025ರ ಮಧ್ಯದ ಹೊತ್ತಿಗೆ ದೇಶದಲ್ಲಿ ಅಂಥವು 350ಕ್ಕೂ ಜಾಸ್ತಿ ಇದ್ದವು. 2024ರ ಅಕ್ಟೋಬರ್‌ನಲ್ಲಿ ಹೆದ್ದಾರಿ ಬದಿ ಇಂಥ ಸೌಲಭ್ಯ ನಡೆಸುವವರಿಗಾಗಿ ‘ಹಮ್‌ಸಫರ್’ ನೀತಿ ಬಂತು. ಹೆಸರು ನೋಂದಾಯಿಸಿ, ಪ್ರಯಾಣಿಕರಿಂದ ಒಳ್ಳೆ ರೇಟಿಂಗ್ ಉಳಿಸಿಕೊಂಡವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಮಾತು ಅದರಲ್ಲಿದೆ.

ಇವೆಲ್ಲ ಬೇಕಾದವೇ. ಕಾರಿನಲ್ಲಿ ಹೋಗುವ ಕುಟುಂಬಕ್ಕೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಶುದ್ಧ ಶೌಚಾಲಯ ಸಿಗುವುದು ಸಣ್ಣ ಮಾತಲ್ಲ. ಹಳೇ ಡಾಬಾಗಳಲ್ಲಿ ಬಹುಪಾಲು ಈ ವಿಷಯದಲ್ಲಿ ಸೋತಿದ್ದವು.

ತೊಂದರೆ ಇರುವುದು ದುಡ್ಡಿನ ಲೆಕ್ಕದಲ್ಲಿ. ದಾರಿಬದಿ ಕೇಂದ್ರದ ಜಾಗವನ್ನು ಟೆಂಡರ್ ಕರೆದು ಬಹಳ ವರ್ಷಗಳ ಗುತ್ತಿಗೆಗೆ ಕೊಡುತ್ತಾರೆ. ಜಾಸ್ತಿ ಬಾಡಿಗೆ ಕೂಗಿದವನು ಗೆಲ್ಲುತ್ತಾನೆ. ಅವನು ಆ ಬಾಡಿಗೆಯನ್ನು ದುಡಿಯಬೇಕು. ಒಂದು ದೊಡ್ಡ ಟ್ರಕ್ ನಿಲ್ಲುವ ಜಾಗದಲ್ಲಿ ನಾಲ್ಕೈದು ಕಾರು ನಿಲ್ಲುತ್ತವೆ. ಕಾರಿನವರು ಅರ್ಧ ಮುಕ್ಕಾಲು ಗಂಟೆ ಇದ್ದು, ನಾಲ್ಕು ಜನ ತಿಂದು ಹೋಗುತ್ತಾರೆ. ಲಾರಿ ರಾತ್ರಿಯಿಡೀ ನಿಂತು ಎರಡು ಊಟದ ವ್ಯಾಪಾರ ಕೊಡುತ್ತದೆ. ಜಾಗದ ಬಾಡಿಗೆ ಕಟ್ಟುವವನಿಗೆ ಕಾರೇ ಗಿಟ್ಟುತ್ತದೆ, ಲಾರಿ ಗಿಟ್ಟುವುದಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ, ಟೆಂಡರ್‌ನ ರೀತಿಯೇ ಹಾಗಿದೆ.

ಡ್ರೈವರ್ ಕಡೆಯಿಂದಲೂ ನೋಡಿ. ಟ್ರಿಪ್‌ಗೆ ಇಂತಿಷ್ಟು ಎಂದು ಮಾಲಕ ಖರ್ಚಿಗೆ ಕೊಟ್ಟಿರುತ್ತಾನೆ. ಅದರಲ್ಲಿ ಉಳಿದದ್ದು ಡ್ರೈವರ್‌ನದು. ಫುಡ್ ಕೋರ್ಟ್‌ನಲ್ಲಿ ಒಂದು ಊಟಕ್ಕೆ ಡಾಬಾದ ಎರಡರಷ್ಟು ಕೊಟ್ಟರೆ ಅದು ಹೋಗುವುದು ಮನೆಗೆ ಕಳಿಸಬೇಕಾದ ದುಡ್ಡಿನಿಂದ. ಅದಕ್ಕೇ ಅವನು ಅಲ್ಲಿ ನಿಲ್ಲುವುದಿಲ್ಲ. ಬಂಕ್‌ನಲ್ಲಿ ನೀರು, ಗಾಳಿ, ಶೌಚಾಲಯ ಪುಕ್ಕಟೆ ಕೊಡಬೇಕೆಂಬ ನಿಯಮ ಇದೆ, ಆದರೆ ರಾತ್ರಿ ಪೂರ್ತಿ ಲಾರಿ ನಿಲ್ಲಿಸಿಕೊಳ್ಳಲು ಎಲ್ಲಾ ಬಂಕ್‌ಗಳೂ ಒಪ್ಪುವುದಿಲ್ಲ. ಚತುಷ್ಪಥ ರಸ್ತೆ ಕಟ್ಟುವಾಗ ಟ್ರಕ್ ಲೇ-ಬೈ, ಅಂದರೆ ರಸ್ತೆ ಪಕ್ಕ ಲಾರಿ ನಿಲ್ಲುವ ಪಟ್ಟಿ, ಮಾಡಬೇಕೆಂದು ನಿಯಮದಲ್ಲೇ ಇದೆ. ಅಲ್ಲಿ ದೀಪ ಉರಿಯದಿದ್ದರೆ, ನೀರಿರದಿದ್ದರೆ ಕಳ್ಳರಿಗೆ ಅನುಕೂಲ ಅಷ್ಟೇ.

2025ರ ಅಕ್ಟೋಬರ್ 1ರ ನಂತರ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯ ಆಗಿದೆ. ಓಡಿಸುವಾಗ ಅದು ದೊಡ್ಡ ಉಪಕಾರ. ನಿಂತಾಗ ಎಸಿ ನಡೆಯಬೇಕಾದರೆ ಎಂಜಿನ್ ಚಾಲೂ ಇರಬೇಕು, ಡೀಸೆಲ್ ಸುಡಬೇಕು. ಹಾಗಾಗಿ ಎಸಿ ಬಂತು, ಇನ್ನು ಮರದ ನೆರಳು ಬೇಡ ಅನ್ನುವ ಹಾಗಿಲ್ಲ.

ಯಾರ ವಾದ ಏನು

ಹೆದ್ದಾರಿ ಅಧಿಕಾರಿಗಳ, ಪೊಲೀಸರ ವಾದ ಹಗುರವಾದದ್ದಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 61,038 ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಒಟ್ಟು ರಸ್ತೆ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಆಸುಪಾಸು. ಗಂಟೆಗೆ ನೂರರ ವೇಗದ ರಸ್ತೆಗೆ ಎಲ್ಲೆಂದರಲ್ಲಿ ಲಾರಿ ಇಳಿದು ಹತ್ತಿದರೆ ಜನ ಸಾಯುತ್ತಾರೆ ಎಂದು ಅವರು ಹೇಳುವುದು ಸರಿ.

ಡಾಬಾದವರು ಹೇಳುವುದು ಬೇರೆ. ನಾವು ರಸ್ತೆಯನ್ನು ಹುಡುಕಿಕೊಂಡು ಬಂದಿಲ್ಲ, ರಸ್ತೆಯೇ ದೊಡ್ಡದಾಗಿ ನಮ್ಮ ಮೇಲೆ ಬಂತು ಅನ್ನುತ್ತಾರೆ. ಅನುಮತಿ ಕೊಡಿ, ನಿಯಮ ಪಾಲಿಸುತ್ತೇವೆ, ಆದರೆ ಬಂಕ್‌ಗೆ ಹಾಕುವ ಖರ್ಚನ್ನೇ ನಮ್ಮ ಮೇಲೆ ಹಾಕಿದರೆ ಹೇಗೆ ಅನ್ನುವುದು ಅವರ ಪ್ರಶ್ನೆ.

ಲಾರಿ ಮಾಲಕರಲ್ಲಿ ಒಂದೇ ಮಾತಿಲ್ಲ. ನೂರಾರು ಗಾಡಿ ಇರುವ ಕಂಪನಿಗೆ ಬೇಲಿ, ಕ್ಯಾಮೆರಾ ಇರುವ ನಿಲ್ದಾಣ ಬೇಕು, ದುಡ್ಡು ಕೊಡಲು ತಯಾರಿದೆ. ಒಂದೆರಡು ಗಾಡಿ ಇಟ್ಟುಕೊಂಡವನಿಗೆ, ನಮ್ಮ ಭಾಗದಲ್ಲಿ ಅಂಥವರೇ ಜಾಸ್ತಿ ಕಾಣುವುದು, ಪಾರ್ಕಿಂಗ್‌ಗೆ ಪ್ರತ್ಯೇಕ ದುಡ್ಡು ಹೊರೆ.

ಡ್ರೈವರ್‌ನ ಪರವಾಗಿ ಕಾನೂನೇ ಮಾತಾಡುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತ್ತು. 5 ಗಂಟೆ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದೂ ಇತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಬಿಡುವು ಕೊಡಿ ಎಂದು ಕಾನೂನು ಹೇಳುತ್ತದೆ, ನಿಂತರೆ ದಂಡ ಎಂದು ರಸ್ತೆ ಹೇಳುತ್ತದೆ. ಅಪಾಯ ಆಗುವಂತೆ ಗಾಡಿ ನಿಲ್ಲಿಸುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ತಪ್ಪು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಎರಡೂ ನಿಯಮ ಸರಿಯೇ. ನಡುವೆ ನಿಲ್ಲುವ ಜಾಗ ಮಾತ್ರ ಇಲ್ಲ.

ನೆಲೋಗಿ ಕ್ರಾಸ್ ಹೇಳುವುದು

2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತ ಲಾರಿಗೆ ವಾಹನವೊಂದು ಗುದ್ದಿ ಐದು ಜನ ಸತ್ತರು. ಬಾಗಲಕೋಟೆಯಿಂದ ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರು ಅವರು. ಫಲೋಡಿಗೂ ಏಳು ತಿಂಗಳು ಮೊದಲು ನಮ್ಮಲ್ಲೇ ಆದದ್ದು ಇದು. ಆ ಒಂದು ಲಾರಿ ಅಲ್ಲಿ ಯಾಕೆ ನಿಂತಿತ್ತು ಎಂಬುದನ್ನು ತೀರ್ಮಾನಿಸುವುದು ತನಿಖೆಯ ಕೆಲಸ, ಇಲ್ಲಿ ಊಹೆ ಮಾಡುವುದು ಬೇಡ. ಆದರೆ ಇಂಥ ಅಪಘಾತಗಳ ಹಿಂದಿನ ಸರಪಳಿ ನೋಡಲೇಬೇಕು.

ಬೆಳಗಿನ ಜಾವ ಎರಡರಿಂದ ಐದರವರೆಗೆ ನಿದ್ದೆ ಒತ್ತುವ ಹೊತ್ತು. ಆ ಹೊತ್ತಿಗೆ ಡ್ರೈವರ್‌ಗೆ ಎರಡೇ ದಾರಿ. ಕಣ್ಣು ಎಳೆಯುತ್ತಿದ್ದರೂ ಓಡಿಸಬೇಕು, ಇಲ್ಲವೇ ಎಲ್ಲಾದರೂ ನಿಲ್ಲಿಸಬೇಕು. ಗೊತ್ತಿದ್ದ ಡಾಬಾ ಮುಚ್ಚಿದೆ, ಮುಂದಿನ ಬಂಕ್‌ನಲ್ಲಿ ನಿಲ್ಲಲು ಬಿಡುವುದಿಲ್ಲ, ಲೇ-ಬೈನಲ್ಲಿ ಕತ್ತಲು. ಆಗ ಅವನು ರಸ್ತೆ ಅಂಚಿಗೇ ಎಳೆದು ನಿಲ್ಲಿಸುತ್ತಾನೆ. ಹಿಂದಿನ ಕೆಂಪು ದೀಪ ಧೂಳು ಹಿಡಿದಿರುತ್ತದೆ, ರಿಫ್ಲೆಕ್ಟರ್ ಪಟ್ಟಿ ಕಿತ್ತುಹೋಗಿರುತ್ತದೆ. ಹಿಂದಿನಿಂದ ಬರುವವನಿಗೂ ಅದೇ ನಿದ್ದೆಯ ಹೊತ್ತು.

ಈ ಸರಪಳಿಯಲ್ಲಿ ಡಾಬಾ ಎಲ್ಲಿದೆ? ಒಳಗೆ ಬಯಲಿಲ್ಲದ, ಗಾಡಿಗಳನ್ನು ರಸ್ತೆ ಅಂಚಿನಲ್ಲೇ ನಿಲ್ಲಿಸಿಕೊಳ್ಳುವ ಡಾಬಾ ಅಪಾಯಕ್ಕೆ ಕಾರಣ. ರಸ್ತೆಯಿಂದ ಒಳಗೆ ಇಪ್ಪತ್ತು ಮೂವತ್ತು ಗಾಡಿ ನಿಲ್ಲಿಸಿಕೊಳ್ಳುವ ಡಾಬಾ ಅದೇ ಅಪಾಯಕ್ಕೆ ಮದ್ದು. ಎರಡನ್ನೂ ‘ಅನಧಿಕೃತ’ ಎಂಬ ಒಂದೇ ಚೀಲಕ್ಕೆ ತುಂಬಿ ತೆರವು ಮಾಡಿದರೆ ಮೊದಲನೆಯದನ್ನು ತೆಗೆದು ಉಳಿಸಿದ ಜೀವಗಳು ಎರಡನೆಯದನ್ನು ತೆಗೆದದ್ದರಿಂದ ಹೋಗುತ್ತವೆ. ಒಂದು ಬಯಲು ಮುಚ್ಚಿದರೆ ಅಲ್ಲಿನ ಗಾಡಿಗಳು ಮಾಯ ಆಗುವುದಿಲ್ಲ. ಮುಂದಿನ ಹತ್ತು ಕಿಲೋಮೀಟರ್ ರಸ್ತೆ ಅಂಚಿನಲ್ಲಿ ಹರಡಿ ನಿಲ್ಲುತ್ತವೆ.

ಮುಂದೆ ಬರುವ ರಸ್ತೆ

2023ರ ಜನವರಿ 19ರಂದು ಪ್ರಧಾನಿ ಯಾದಗಿರಿ ಜಿಲ್ಲೆಯ ಕೊಡೇಕಲ್ ಮತ್ತು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹೆದ್ದಾರಿ 150ಸಿಯ ಕೆಲಸಗಳಿಗೆ ಅಡಿಗಲ್ಲು ಹಾಕಿದರು. ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಭಾಗವಾದ ಆರು ಪಥದ ರಸ್ತೆ ಇದು. ಹೊಲಗಳ ನಡುವೆ ಹೊಸದಾಗಿ ಹಾಯುತ್ತದೆ. ಸೂರತ್‌ನಿಂದ ಚೆನ್ನೈಗೆ ಈಗಿರುವ 1,600 ಕಿಲೋಮೀಟರ್ ದಾರಿ 1,270ಕ್ಕೆ ಇಳಿಯುತ್ತದೆ ಎಂಬುದು ಯೋಜನೆಯ ಲೆಕ್ಕ.

ಇಂಥ ರಸ್ತೆಗೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಹತ್ತಲು, ಇಳಿಯಲು ಆಗುವುದಿಲ್ಲ. ಆದ್ದರಿಂದ ಹೊಲದ ಅಂಚಿನಲ್ಲಿ ಶೆಡ್ ಹಾಕಿ ಡಾಬಾ ತೆರೆಯುವ ಮಾತೇ ಇಲ್ಲ. ಅಲ್ಲಿ ಓಡುವ ಪ್ರತಿ ಲಾರಿಯೂ ನಿಲ್ಲುವುದಕ್ಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳನ್ನೇ ನಂಬಬೇಕು. ದೂರದ ಗಾಡಿಗಳು ಆ ಕಡೆ ತಿರುಗಿದಷ್ಟೂ ಹಳೇ ದಾರಿಯ ಡಾಬಾಗಳ ವ್ಯಾಪಾರ ಇನ್ನೂ ಇಳಿಯುತ್ತದೆ. ಪೆಟ್ಟು ಮಾಲಕನಿಗೆ ಮಾತ್ರ ಬೀಳುವುದಿಲ್ಲ. ರೊಟ್ಟಿ ಬಡಿದು ಮನೆ ನಡೆಸುವ ಹೆಣ್ಣುಮಕ್ಕಳು, ಪಂಕ್ಚರ್ ಅಂಗಡಿಯ ಹುಡುಗ, ಹಾಲು ಹಾಕುವ ರೈತ, ಇವರ ದುಡಿಮೆಯೂ ಹೋಗುತ್ತದೆ. ಇವರ್ಯಾರೂ ಯಾವ ಪರಿಹಾರದ ಪಟ್ಟಿಯಲ್ಲೂ ಸುಲಭಕ್ಕೆ ಕಾಣುವುದಿಲ್ಲ.

ಏನು ಮಾಡಲು ಸಾಧ್ಯ

ಕೋರ್ಟ್ ಕೇಳಿದ ಎಣಿಕೆಯಿಂದಲೇ ಶುರು ಮಾಡಬಹುದು. ಡಾಬಾ ಎಷ್ಟು ಎಂದು ಎಣಿಸುವವರು, ಒಳಗೆ ಎಷ್ಟು ಲಾರಿ ನಿಲ್ಲುತ್ತವೆ, ರಾತ್ರಿ ರಸ್ತೆ ಅಂಚಿನಲ್ಲಿ ಎಷ್ಟು ನಿಂತಿವೆ ಎಂದೂ ಬರೆದುಕೊಂಡರೆ ಯಾವ ಡಾಬಾ ಅಪಾಯ, ಯಾವುದು ಆಸರೆ ಎಂಬುದು ಕಾಗದದ ಮೇಲೇ ಕಾಣುತ್ತದೆ. ಎಣಿಕೆ ಹಗಲಿನಲ್ಲಿ ಮಾಡಿ ಪ್ರಯೋಜನ ಇಲ್ಲ. ರಾತ್ರಿ ಎರಡು ಗಂಟೆಗೆ ಹುಮನಾಬಾದ್ ಸುತ್ತಲಿನ ರಸ್ತೆ, ಜೇವರ್ಗಿ ದಾರಿ, ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ರಸ್ತೆ ನೋಡಬೇಕು.

ಬಯಲಿರುವ ಡಾಬಾಗಳಿಗೆ ಒಂಟಿಯಾಗಿ ಅನುಮತಿ ಪಡೆಯುವ ಶಕ್ತಿ ಇಲ್ಲ. ಅಕ್ಕಪಕ್ಕದ ನಾಲ್ಕೈದು ಡಾಬಾಗಳಿಗೆ ಸೇರಿ ಒಂದೇ ಸರ್ವಿಸ್ ರೋಡ್, ಒಂದೇ ಪ್ರವೇಶ, ಒಂದೇ ನಿರ್ಗಮನ ಮಾಡಿ, ಆ ಖರ್ಚನ್ನು ರಸ್ತೆ ಯೋಜನೆಯಲ್ಲೇ ಸೇರಿಸಬಹುದು. ಪ್ರತಿಯಾಗಿ ರಾತ್ರಿ ದೀಪ, ಕಾವಲು, ಶುದ್ಧ ಶೌಚಾಲಯ, ಮದ್ಯ ಇಲ್ಲದಿರುವುದು ಅವರ ಜವಾಬ್ದಾರಿ ಆಗಲಿ. ಪಾಲಿಸದವರ ಪ್ರವೇಶ ಮುಚ್ಚಲಿ. ಹಮ್‌ಸಫರ್ ನೀತಿಯ ರಿಯಾಯಿತಿ ಇವರಿಗೂ ಮುಟ್ಟಬೇಕಾದರೆ ಈ ಮೊದಲ ಮೆಟ್ಟಿಲು ಬೇಕು.

ರಾಜ್ಯದ ಕೈಯಲ್ಲೂ ಸಾಧನ ಇದೆ. ದೇವರಾಜ ಅರಸು ಟ್ರಕ್ ಟರ್ಮಿನಲ್ ನಿಗಮ ಸರ್ಕಾರದ್ದೇ, ಬೆಂಗಳೂರಿನ ಯಶವಂತಪುರದ ಟರ್ಮಿನಲ್ ಅದರದ್ದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತಿದೆ. ಹುಮನಾಬಾದ್, ಜೇವರ್ಗಿ, ಸೇಡಂ–ಮಳಖೇಡ ಈ ಮೂರು ಕಡೆ ಮುರುಮ್ ಹಾಕಿ ಗಟ್ಟಿ ಮಾಡಿದ ಬಯಲು, ನೀರು, ದೀಪ, ಕಾವಲು ಕೊಟ್ಟು, ಊಟದ ಅಂಗಡಿಗಳನ್ನು ಜಾಗ ಕಳೆದುಕೊಂಡ ಡಾಬಾದವರಿಗೇ ಬಾಡಿಗೆಗೆ ಕೊಡಲು ದೊಡ್ಡ ತಾಂತ್ರಿಕ ಜ್ಞಾನ ಬೇಕಿಲ್ಲ. ಕಾರ್ಖಾನೆಗಳಿಂದಲೂ ಪಾಲು ಕೇಳಬಹುದು. ಪಾಳಿ ಕಾಯುವ ಲಾರಿ ಅವರ ಸರಕಿಗಾಗಿಯೇ ಕಾಯುತ್ತದೆ.

150ಸಿ ವಿಷಯದಲ್ಲಿ ಪ್ರಶ್ನೆ ಕೇಳುವ ಹೊತ್ತು ಈಗಲೇ. ದಾರಿಬದಿ ಕೇಂದ್ರದ ಟೆಂಡರ್‌ನಲ್ಲಿ ಕಾರಿಗೆ ಎಷ್ಟು ಜಾಗ, ಲಾರಿಗೆ ಎಷ್ಟು ಜಾಗ? ರಾತ್ರಿ ಪಾರ್ಕಿಂಗ್‌ಗೆ ದುಡ್ಡು ತಗೊಳ್ತಾರಾ? ಡ್ರೈವರ್ ಊಟಕ್ಕೆ ದರದ ಮಿತಿ ಇದೆಯಾ? ಊಟದ ಅಂಗಡಿಗಳಲ್ಲಿ ಸ್ಥಳೀಯರಿಗೆ, ಮಹಿಳಾ ಸ್ವಸಹಾಯ ಸಂಘಗಳಿಗೆ ಪಾಲು ಇದೆಯಾ? ಬಹಳ ವರ್ಷಗಳ ಗುತ್ತಿಗೆ ಒಮ್ಮೆ ಸಹಿ ಆದ ಮೇಲೆ ಶರತ್ತು ಬದಲಿಸುವುದು ಕಷ್ಟ. ಕಲಬುರಗಿ ಮತ್ತು ಯಾದಗಿರಿಯ ಸಂಸದರು, ಶಾಸಕರು, ಜಿಲ್ಲಾಡಳಿತ ಈ ನಾಲ್ಕು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು.